ಮೇ ತಿಂಗಳ ಥಾರ್: ನಾಲ್ಕನೇ ಸಲಕ್ಕೆ ಸಿಕ್ಕ ಸ್ಯಾಂಡ್‌ಗ್ರೌಸ್

ಮೇ ತಿಂಗಳಲ್ಲಿ ಜೈಸಲ್ಮೇರಿಗೆ ಹೋಗ್ತೀನಿ ಅಂದಾಗ ನಮ್ಮ ಹಕ್ಕಿ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಚಳಿಗಾಲ ಬಿಟ್ಟರೆ ಅಲ್ಲಿ ಏನಿದೆ? ಮ್ಯಾಕ್ವೀನ್ಸ್ ಬಸ್ಟರ್ಡ್ ಹೋಗಿರುತ್ತೆ, ಖೀಚನ್‌ನ ಡೆಮಾಸೆಲ್ ಕ್ರೇನ್ ಹಕ್ಕಿಗಳು ಹೋಗಿರುತ್ತವೆ, ವೀಟಿಯರ್ ಒಂದೂ ಇರಲ್ಲ" ಅಂದರು. ಮಾತು ಸುಳ್ಳಲ್ಲ. ಆದರೆ ನನಗೆ ಬೇಕಿದ್ದದ್ದು ಒಂದೇ ಚಿತ್ರ: ಚೆಸ್ಟ್‌ನಟ್ ಬೆಲ್ಲೀಡ್ ಸ್ಯಾಂಡ್‌ಗ್ರೌಸ್ ಎಂಬ, ಪಾರಿವಾಳದಷ್ಟು ದೊಡ್ಡ ಬಯಲು ಹಕ್ಕಿಯ ಗಂಡು ತನ್ನ ಹೊಟ್ಟೆಯ ಗರಿಗಳಲ್ಲಿ ಮರಿಗಳಿಗೆ ನೀರು ತುಂಬಿಕೊಳ್ಳುವುದು. ಅದೂ ಅದರ ಕಣ್ಣಿನ ಮಟ್ಟದಿಂದ. ಮೂರು ಚಳಿಗಾಲ ಅಲೆದರೂ ಸಿಗದ ಆ ಚಿತ್ರ ಹೋದ ಮೇ ತಿಂಗಳಲ್ಲಿ ಸಿಕ್ಕಿತು. ಹೇಗೆ ಅಂತ ಕೇಳಿದವರು ತುಂಬಾ ಜನ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಮೂರು ಚಳಿಗಾಲದ ಪ್ರವಾಸಕ್ಕೆ ಒಟ್ಟು ಒಂದೂವರೆ ಲಕ್ಷದ ಹತ್ತಿರ ಹೋಯಿತು. ಜೀಪಿಗೇ ದಿನಕ್ಕೆ ನಾಲ್ಕು ಸಾವಿರ. ಪ್ರವಾಸಿಗರು ಸೇರುವ ಸಮ್ ಮರಳುದಿಬ್ಬಗಳ ಕಡೆ ಸೀಸನ್ನಿನಲ್ಲಿ ಡೇರೆಯ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಎರಡನೇ ಸಲ ಲೆನ್ಸಿನ ಫೋಕಸ್ ರಿಂಗಿಗೆ ಮರಳು ಹೊಕ್ಕು ಸರ್ವಿಸಿಗೆ ಒಂಬತ್ತು ಸಾವಿರ ಬೇರೆ. ಇಷ್ಟಕ್ಕೆ ಸಿಕ್ಕಿದ್ದೇನು? ಜೀಪಿನ ಸದ್ದಿಗೆ ಎದ್ದು ಹಾರುವ ಸ್ಯಾಂಡ್‌ಗ್ರೌಸ್‌ಗಳ ಬೆನ್ನು, ಸಾವಿರಗಟ್ಟಲೆ.

ಕ್ರೀಮ್ ಕಲರ್ಡ್ ಕೋರ್ಸರ್, ಟ್ರಂಪೆಟರ್ ಫಿಂಚ್, ಡೆಸರ್ಟ್ ಲಾರ್ಕ್ ಹಕ್ಕಿಗಳೆಲ್ಲ ಚೆನ್ನಾಗಿಯೇ ಸಿಕ್ಕವು, ಅದನ್ನು ಇಲ್ಲ ಅನ್ನುವುದಿಲ್ಲ. ಸ್ಯಾಂಡ್‌ಗ್ರೌಸ್ ನೀರಿಗಿಳಿಯುವ ಚಿತ್ರ ಮಾತ್ರ ಸೊನ್ನೆ. ಮೂರನೇ ವರ್ಷ ಇಂದಿರಾ ಗಾಂಧಿ ಕಾಲುವೆಯ ಬದಿಯಲ್ಲಿ ಐದು ದಿನ ಕೂತೆ. ನೀರಿದ್ದಲ್ಲಿ ಹಕ್ಕಿ ಬರಲೇಬೇಕಲ್ಲ ಅನ್ನುವ ಲೆಕ್ಕ. ಹಕ್ಕಿ ಬಂತು. ಆದರೆ ಕಾಲುವೆ ನೂರಾರು ಕಿಲೋಮೀಟರ್, ಅದರ ಬಸಿನೀರಿನ ಗುಂಡಿಗಳು ಅದಕ್ಕಿಂತ ಹೆಚ್ಚು. ಇವತ್ತು ಇಲ್ಲಿ ಇಳಿದ ಗುಂಪು ನಾಳೆ ಎರಡು ಕಿಲೋಮೀಟರ್ ಆಚೆ ಇಳಿಯುತ್ತದೆ. ಐದು ದಿನದಲ್ಲಿ ಹದಿನಾಲ್ಕು ಹಕ್ಕಿ, ಎಲ್ಲವೂ ಎಂಬತ್ತು ಮೀಟರ್ ಆಚೆ.

ದಾರಿ ತೋರಿಸಿದವರು ಒಬ್ಬ ಕುರಿಗಾಹಿ ಹಿರಿಯರು. ನಾನು ಕಾಕಾಸಾ ಅಂತಲೇ ಕರೆಯುವುದು. ಸ್ಯಾಂಡ್‌ಗ್ರೌಸ್‌ಗೆ ಅಲ್ಲಿ ಭಟ್ ತೀತರ್ ಅನ್ನುತ್ತಾರೆ. "ಈಗ ಇಬ್ಬನಿ ಇದೆ, ಗುಂಡಿಗಳಲ್ಲಿ ನೀರಿದೆ. ಭಟ್ ತೀತರಿಗೆ ನಿಮ್ಮ ಹತ್ತಿರ ಬರಬೇಕಾದ ದರ್ದು ಏನಿದೆ ಸಾ? ಜೇಠ್ ತಿಂಗಳಲ್ಲಿ ಬನ್ನಿ. ಆಗ ಈ ಬಯಲಿಗೆಲ್ಲ ನೀರು ಅಂತ ಇರುವುದು ನಮ್ಮ ಖೇಳಿ ಒಂದೇ" ಅಂದರು. ಜೇಠ್ ಅಂದರೆ ನಮ್ಮ ಜ್ಯೇಷ್ಠ. ಖೇಳಿ ಅಂದರೆ ದನಕರು ಕುಡಿಯಲು ಕಟ್ಟಿದ ಸಿಮೆಂಟಿನ ನೀರಿನ ತೊಟ್ಟಿ. ವರ್ಷಕ್ಕೆ 200 ಮಿ.ಮೀ. ಆಸುಪಾಸು ಮಳೆ ಬೀಳುವ ಜಾಗದಲ್ಲಿ, ಮಳೆಗೆ ಮುಂಚಿನ ಆರು ವಾರ ನೀರು ಎಲ್ಲಿರುತ್ತದೆ ಅಂತ ಯೋಚಿಸಿದರೆ ಸಾಕು, ಅವರ ಮಾತು ಅರ್ಥವಾಗುತ್ತದೆ.

ಆ ಖೇಳಿ ಡೆಸರ್ಟ್ ನ್ಯಾಷನಲ್ ಪಾರ್ಕಿನ ಹೊರಗೆ, ಊರಿನ ಗೋಮಾಳದಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ಪಾರ್ಕಿನೊಳಗೆ ಹೈಡ್, ಅಂದರೆ ಹಕ್ಕಿಗೆ ಕಾಣದಂತೆ ಅಡಗಿ ಕೂರುವ ಮರೆ, ಹೂಡುವ ಮಾತೇ ಬೇಡ. ಹೊರಗಾದರೂ ಊರಿನವರ ಒಪ್ಪಿಗೆ ಇಲ್ಲದೆ ಕೂರಬಾರದು. ಗಡಿ ಜಿಲ್ಲೆ ಅದು, ಉದ್ದ ಲೆನ್ಸ್ ಹಿಡಿದು ಹೊರಡುವ ಮುಂಚೆ ಠಾಣೆಗೆ ಹೇಳಿ, ಗುರುತಿನ ಚೀಟಿ ಇಟ್ಟುಕೊಂಡೇ ಹೋಗಿ.

ಮೇ ಮೊದಲ ವಾರ ಹೋಗಿ ಇಳಿದೆ. ಆರು ಸಾವಿರ ಕೊಟ್ಟು ತಂದಿದ್ದ ಹಸಿರು ಬಣ್ಣದ ಡೇರೆ ಹೈಡ್ ಮೊದಲ ದಿನವೇ ವ್ಯರ್ಥ. ಆ ಮಣ್ಣಿನ ಬಣ್ಣದಲ್ಲಿ ಅದು ಮೈಲಿ ದೂರಕ್ಕೆ ಕಾಣುತ್ತದೆ, ಗಾಳಿಗೆ ಪಟಪಟ ಹೊಡೆಯುತ್ತದೆ, ಒಂಬತ್ತು ಗಂಟೆಗೆ ಒಳಗೆ ಕೂತವನು ಬೆಂದುಹೋಗುತ್ತಾನೆ. ಅದನ್ನು ಮಡಚಿಟ್ಟು, ಕಾಕಾಸಾ ಮತ್ತು ಅವರ ಮೊಮ್ಮಗನ ಜೊತೆ ಎರಡಡಿ ಆಳದ ಗುಂಡಿ ತೋಡಿದೆವು. ಮೇಲೆ ಎಕ್ಕದ ಕೋಲು, ಅದರ ಮೇಲೆ ಖೀಂಪ್ ಕಡ್ಡಿಯ ಹೊದಿಕೆ. ಅಲ್ಲಿನ ಗುಡಿಸಲಿಗೆ ಹೊದಿಸುವುದೂ ಅದನ್ನೇ. ಹೊರಗೆ 46 ಡಿಗ್ರಿ ಇದ್ದಾಗಲೂ ಗುಂಡಿಯೊಳಗೆ ಹೇಗೋ ತಡೆದುಕೊಳ್ಳಬಹುದಿತ್ತು. ಲೆನ್ಸ್ ನೆಲಕ್ಕೆ ಅರ್ಧ ಅಡಿ ಮೇಲೆ, ಬೀನ್‌ಬ್ಯಾಗ್ ಮೇಲೆ. ಒಂದು ಎಚ್ಚರಿಕೆ: ನೆರಳಿರುವ ಗುಂಡಿಗೆ ಗರಗಸ ಮಂಡಲ ಹಾವೂ ಬರುತ್ತದೆ. ಬೆಳಗಿನ ಜಾವ ಟಾರ್ಚ್ ಹಾಕಿ ಮೂಲೆಮೂಲೆ ನೋಡದೆ ಒಂದು ದಿನವೂ ಇಳಿಯಲಿಲ್ಲ. ಎರಡು ದಿನ ಇತ್ತು ಕೂಡ.

ಖೇಳಿಯ ಗೋಡೆ ಎರಡೂವರೆ ಅಡಿ ಎತ್ತರ. ಸ್ಯಾಂಡ್‌ಗ್ರೌಸ್ ಅದರ ಮೇಲೆ ಕೂರುವುದಿಲ್ಲ, ಅದಕ್ಕೆ ಇಳಿಜಾರಿನ ಅಂಚು ಬೇಕು, ಸುತ್ತ ಬಯಲು ಕಾಣಬೇಕು. ಮುಂಚೆ ನಲ್ಲಿ ಸೋರಿ ಪಕ್ಕದಲ್ಲಿ ಕೊಚ್ಚೆ ನಿಲ್ಲುತ್ತಿತ್ತಂತೆ, ಹಕ್ಕಿ ಬರುತ್ತಿದ್ದದ್ದು ಅದಕ್ಕೆ. ನಾನು ಹೋಗುವ ಹೊತ್ತಿಗೆ ನಲ್ಲಿ ರಿಪೇರಿ ಆಗಿತ್ತು! ಹಾಗಾಗಿ ನಾಲ್ಕಡಿ ಅಗಲದ ತಗ್ಗು ಮಾಡಿ ದಿನಾ ಸಂಜೆ ಎರಡು ಕೊಡ ನೀರು ಹಾಕಿದೆವು. ಮೊದಲ ಮೂರು ದಿನ ಮರಳು ಎಲ್ಲವನ್ನೂ ಕುಡಿದುಬಿಟ್ಟಿತು. ಆಮೇಲೆ ತಳಕ್ಕೆ ಒಂದು ಪದಾರ್ಥ ಹಾಸಿದೆ, ನೀರು ಬೆಳಿಗ್ಗೆ ಹತ್ತರವರೆಗೂ ನಿಂತಿತು. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ನೀರಿಟ್ಟು ಹಕ್ಕಿ ಸೇರಿಸುವ ಉಪಾಯ ಬಲೆಯವರ ಕೈಗೂ ಸಿಗಬಾರದು.

ಇನ್ನೊಂದು ತಪ್ಪು ಮಾಡಿದೆ. ಬೆಳಗಿನ ಬಿಸಿಲು ಬೆನ್ನಿಗಿರಲಿ ಅಂತ ಗುಂಡಿಯನ್ನು ಪೂರ್ವಕ್ಕೆ ತೋಡಿದ್ದೆ. ಮೇ ತಿಂಗಳ ಗಾಳಿ ಅಲ್ಲಿ ನೈಋತ್ಯದಿಂದ ಬೀಸುತ್ತದೆ, ಹಕ್ಕಿ ಇಳಿಯುವುದು ಗಾಳಿಗೆ ಎದುರಾಗಿ. ಹೀಗಾಗಿ ಎಲ್ಲವೂ ನನ್ನ ತಲೆಯ ಮೇಲಿಂದ ಬಂದು ಬಾಲ ತೋರಿಸಿಕೊಂಡು ಇಳಿದವು. ಎರಡು ದಿನ ಹಾಳು. ದಕ್ಷಿಣಕ್ಕೆ ಹೊಸ ಗುಂಡಿ ತೋಡಿದೆವು, ಪಕ್ಕದ ಬೆಳಕು, ಮುಖವೂ ಸಿಕ್ಕಿತು. ಮತ್ತೆ, ಇವು ನೇರ ನೀರಿಗೆ ಇಳಿಯುವುದಿಲ್ಲ. ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲಿ ಇಳಿದು, ಕತ್ತು ಚಾಚಿ ನಿಂತು, ಆಮೇಲೆ ಪುಟಪುಟ ನಡೆದು ಬರುತ್ತವೆ. ಫೋಕಸ್ ಆ ನಡಿಗೆಯ ದಾರಿಯ ಮೇಲಿರಬೇಕು, ನೀರಿನ ಮೇಲಲ್ಲ.

ಕತ್ತಲಲ್ಲಿ ಐದು ಗಂಟೆಗೆ ಒಳಗೆ ಹೋಗುವುದು. ಹೊರಗೆ ಬರುವುದು ಹತ್ತಕ್ಕೆ, ಕಾಕಾಸಾ ಆಡುಗಳನ್ನು ಹೊಡೆದುಕೊಂಡು ಬಂದಾಗ, ಆ ಮಂದೆಯ ನಡುವೆ ಎದ್ದು. ಆಡಿಗೆ ಅಲ್ಲಿನ ಹಕ್ಕಿ ಹೆದರುವುದಿಲ್ಲ. ಹತ್ತಾದ ಮೇಲೆ ಇದ್ದೂ ಪ್ರಯೋಜನ ಇಲ್ಲ, ನೆಲದ ಝಳಕ್ಕೆ ಹತ್ತು ಮೀಟರಿನ ಚಿತ್ರವೂ ಕದಡುತ್ತದೆ. ತಗ್ಗಿನಲ್ಲಿ ನೀರು ನಿಂತ ಮೇಲೆ ಲೆಕ್ಕ ಸುಮಾರಾಗಿ ಹೀಗಿತ್ತು: ಮೊದಲ ಮೂರು ದಿನ ಸೊನ್ನೆ, ನಾಲ್ಕನೇ ದಿನ ಆರು ಹಕ್ಕಿ, ಏಳನೇ ದಿನ ನಲವತ್ತು, ಒಂಬತ್ತನೇ ದಿನ ನೂರ ನಲವತ್ತರಷ್ಟು.

ಹತ್ತನೇ ದಿನ, ಎಂಟು ಗಂಟೆ ಆಗಿರಬಹುದು. ಎಲ್ಲವೂ ಹತ್ತು ಹನ್ನೆರಡು ಸೆಕೆಂಡು ಕುಡಿದು ಎದ್ದವು. ಒಂದು ಗಂಡು ಉಳಿಯಿತು. ಮೊದಲು ಒಣ ಮರಳಿನಲ್ಲಿ ಕೂತು ಹೊಟ್ಟೆ ಉಜ್ಜಿತು. ಎದ್ದು ನೀರಿಗೆ ಇಳಿಯಿತು, ಕಾಲು ಮುಳುಗುವಷ್ಟೇ ಆಳ. ರೆಕ್ಕೆ ಮತ್ತು ಬಾಲ ಮೇಲೆತ್ತಿ, ಹೊಟ್ಟೆಯ ಗರಿ ಕೆದರಿ, ತೊಟ್ಟಿಲಿನ ಹಾಗೆ ಮುಂದಕ್ಕೂ ಹಿಂದಕ್ಕೂ ಮೈ ತೂಗತೊಡಗಿತು. ಪ್ರತಿ ತೂಗಿಗೂ ಎದೆಯ ಮುಂದೆ ಒಂದು ಪುಟ್ಟ ಅಲೆ. ಆ ಗರಿಗಳ ಎಳೆಗಳು ಒಣಗಿದ್ದಾಗ ಸುರುಳಿ ಸುತ್ತಿಕೊಂಡಿರುತ್ತವೆ, ನೆನೆದಾಗ ಬಿಚ್ಚಿಕೊಂಡು ನೀರು ಹಿಡಿಯುತ್ತವೆ. ಮರಿಗಳು ಕೊಕ್ಕಿನಿಂದ ಆ ಗರಿ ಜಗ್ಗಿ ಕುಡಿಯುತ್ತವೆ. ಎರಡು ನಿಮಿಷಕ್ಕೂ ಮೇಲೆ ತೂಗಿತು. ಎದ್ದಾಗ ಕಂದು ಹೊಟ್ಟೆ ಕಪ್ಪಗಾಗಿ ಹನಿ ತೊಟ್ಟಿಕ್ಕುತ್ತಿತ್ತು. ಹನ್ನೊಂದು ಮೀಟರ್ ದೂರ, ನಾನೂರು ಚಿತ್ರ, ಅರವತ್ತು ಅಪ್ಪಟ. ಚಳಿಗಾಲವೇ ಸರಿ ಅಂದವರೆಲ್ಲ ಈಗ ಮೇ ತಿಂಗಳ ಟಿಕೆಟ್ಟಿನ ದರ ಕೇಳುತ್ತಿದ್ದಾರೆ. ಅದು ಹಾರಿದ ದಿಕ್ಕಿಗೆ ಜೀಪು ಬಿಟ್ಟರೆ ಮರಿಗಳೂ ಸಿಗುತ್ತಿದ್ದವು ಅಂದರು ಒಬ್ಬರು. ನಾನು ಹೋಗಲಿಲ್ಲ, ಯಾರೂ ಹೋಗಬಾರದು. ಅಪ್ಪ ತಡವಾದರೆ ಆ ಬಿಸಿಲಲ್ಲಿ ಮರಿಗಳು ಉಳಿಯುವುದಿಲ್ಲ.

ಮಧ್ಯಾಹ್ನಗಳಲ್ಲಿ ಸುಮ್ಮನಿರಲಿಲ್ಲ. ಚಳಿಗಾಲದಲ್ಲಿ ಬಿಲ ಬಿಟ್ಟು ಏಳದ ಸಾಂಡಾ, ಅಂದರೆ ಮುಳ್ಳುಬಾಲದ ಹಲ್ಲಿ, ಮೇ ತಿಂಗಳಲ್ಲಿ ಕಾದ ನೆಲದ ಮೇಲೆ ಆರಾಮವಾಗಿ ಮೇಯುತ್ತಿರುತ್ತದೆ. ಸಂಜೆ ಒಳಹೋಗಿ ಬಿಲದ ಬಾಯಿಗೆ ಒಳಗಿನಿಂದಲೇ ಮಣ್ಣು ಮುಚ್ಚಿಕೊಳ್ಳುತ್ತದೆ. ಹನ್ನೆರಡು ಬಿಲ ಗುರುತು ಮಾಡಿ ಗಡಿಯಾರ ಹಿಡಿದು ನೋಡಿದೆ, ಗಾಳಿ ಜೋರಿದ್ದ ದಿನ ಒಂದು ಗಂಟೆ ಮುಂಚೆಯೇ ಬಾಗಿಲು ಬಿತ್ತು. ಒಂದು ಲಗ್ಗರ್ ಫಾಲ್ಕನ್ ದಿನಾ ಅದೇ ಬನ್ನಿ ಮರದ ಮೇಲೆ ಕೂತು ಅವುಗಳಿಗೆ ಹೊಂಚುತ್ತಿತ್ತು. ರಾತ್ರಿ ಮಲಗುವ ಮುಂಚೆ ಖೇಳಿಯ ಸುತ್ತ ಹಲಗೆ ಎಳೆದು ಮರಳು ಸಮ ಮಾಡುತ್ತಿದ್ದೆ. ಬೆಳಿಗ್ಗೆ ಮರುಭೂಮಿ ನರಿಯ ಹೆಜ್ಜೆ ಇರುತ್ತಿತ್ತು, ಮೂರು ಸಲ ಡೆಸರ್ಟ್ ಕ್ಯಾಟ್‌ನದು, ಉಗುರಿನ ಗುರುತಿಲ್ಲದ ದುಂಡು ಹೆಜ್ಜೆ. ಬೆಕ್ಕಿನ ಚಿತ್ರ ಇನ್ನೂ ಬಾಕಿ.

ನಾಯಿಗಳ ಹೆಜ್ಜೆ ಮಾತ್ರ ಪ್ರತಿದಿನ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಅವು ಅಪಾಯ, ಅದು ನನಗೆ ನಿದ್ದೆ ಕೆಡಿಸಿತು. ಒಂದು ಸಂಜೆ ದೂರದಲ್ಲಿ ಗೋಡಾವಣ್ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹೆಣ್ಣು ನಡೆದು ಹೋಯಿತು, ನಮ್ಮ ಸಿರಗುಪ್ಪದ ಕಡೆ ಎರ್ಲಡ್ಡು ಅನ್ನುವ ಅದೇ ಹಕ್ಕಿ. ಅದರಾಚೆಗೆ ಸಾಲು ವಿದ್ಯುತ್ ತಂತಿ. ನೇರ ಎದುರಿನದು ಸರಿಯಾಗಿ ಕಾಣದ ಭಾರದ ಹಕ್ಕಿ ಅದು, ತಂತಿಗೆ ಬಡಿದುಬಿಡುತ್ತದೆ, ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುವುದು. ನಾವು ಜೀಪು ಅಲ್ಲೇ ತಿರುಗಿಸಿದೆವು.

ಖರ್ಚು ಒಟ್ಟು ಮೂವತ್ತೊಂದು ಸಾವಿರ, ಹದಿನೆಂಟು ದಿನಕ್ಕೆ, ರೈಲು ಸೇರಿ. ಜೀಪು ಎರಡೇ ದಿನ. ಉಳಿದದ್ದು ಕಾಕಾಸಾ ಮನೆಯ ಬಾಜ್ರಾ ರೊಟ್ಟಿ ಮತ್ತು ಮಜ್ಜಿಗೆ. ಆ ಮೂವತ್ತೊಂದರಲ್ಲಿ ಮೂರು ಸಾವಿರ ನಾನು ಹೊರಟ ಮೇಲಿನ ನೀರಿಗೆ. ಮರಿಯಿರುವ ಹಕ್ಕಿಗೆ ನೀರಿನ ರೂಢಿ ಹಿಡಿಸಿ ನಡುವೆ ಬಿಟ್ಟು ಬರಲು ಆಗುವುದಿಲ್ಲ, ಮಳೆ ಬರುವವರೆಗೆ ದಿನಕ್ಕೆ ಎರಡು ಕೊಡ ಹಾಕುವ ಮಾತಾಗಿತ್ತು.

ಜುಲೈ ಮೊದಲ ವಾರ ಕಾಕಾಸಾ ಫೋನ್ ಮಾಡಿದರು. ಎರಡು ದಿನದ ಹಿಂದೆ ರಾತ್ರಿ ಜೋರು ಮಳೆ, ಬಯಲೆಲ್ಲ ನೀರು, ಆಮೇಲೆ ಭಟ್ ತೀತರ್ ಒಂದೂ ಬಂದಿಲ್ಲ, ತಗ್ಗು ಮುಚ್ಚಿದೆ ಅಂದರು. ಆರುನೂರು ರೂಪಾಯಿ ಉಳಿದಿದೆ, ಮುಂದಿನ ಜೇಠ್‌ಗೆ ಇಟ್ಟಿರುತ್ತೇನೆ ಅಂದರು.