ಕ್ಯಾಸ್ಕೇಡ್ ಹಾಪ್ಸ್ ಪಾನಕ ಮಾಡುವ ಬಗೆ

ಬೆಂಗಳೂರಿನಲ್ಲಿ ಬಿಯರ್ ತಯಾರಿಸುವ ಕಡೆ ನನ್ನ ಕೆಲಸ. ಊರು ಶಿರಸಿ ಹತ್ತಿರ. ರಜೆಗೆ ಬರುವಾಗ ಒಂದು ಪೊಟ್ಟಣ ಕ್ಯಾಸ್ಕೇಡ್ ಹಾಪ್ಸ್ ತರುತ್ತೇನೆ. ಮನೆಯಲ್ಲಿ ಯಾರೂ ಬಿಯರ್ ಮುಟ್ಟುವುದಿಲ್ಲ, ಆದರೆ ಇದರ ಪಾನಕ ಆಯಿಗೂ ಇಷ್ಟ.

ಹಾಪ್ಸ್ ಅಂದರೆ ಒಂದು ಬಳ್ಳಿಯ ಹೂವು. ಬಿಯರಿಗೆ ಕಹಿ, ಪರಿಮಳ ಎರಡೂ ಅದರಿಂದಲೇ. ಕ್ಯಾಸ್ಕೇಡ್ 1972ರಲ್ಲಿ ಅಮೆರಿಕದ ಒರೆಗಾನ್‌ನಿಂದ ಹೊರಬಂದ ತಳಿ. ಡೌನಿ ಮಿಲ್ಡ್ಯೂ ಎಂಬ ಬೂಜು ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಅಪ್ಪಯ್ಯನಿಗೆ ಇದರ ಬೆಲೆ ಗೊತ್ತು. ಒಂದೇ ಮಳೆಗಾಲದಲ್ಲಿ ನಮ್ಮ ತೋಟದ ಹದಿನೆಂಟು ಮೆಣಸಿನ ಬಳ್ಳಿ ಸೊರಗು ರೋಗಕ್ಕೆ ಹೋದವು. ಎರಡೂ ರೋಗಾಣು ಒಂದೇ ಬಳಗದವು, ಒದ್ದೆಯಲ್ಲಿ ಹಬ್ಬುವಂಥವು. "ಅಡಿಕೆ ಮರಕ್ಕೆ ಹಬ್ಬಿಸಲು ಬರುತ್ತದಾ?" ಎಂದು ಕೇಳಿದರು. ಇಲ್ಲ. ಹಾಪ್ಸ್ ಬಳ್ಳಿಗೆ ಬೇಸಿಗೆಯ ಹಗಲು ತುಂಬಾ ಉದ್ದ ಇರಬೇಕು. ನಮ್ಮಲ್ಲಿ ಜಾಸ್ತಿ ಅಂದರೆ 13 ತಾಸು.

ಪೊಟ್ಟಣದಲ್ಲಿ ಇರುವುದು ಹೂವನ್ನು ಪುಡಿ ಮಾಡಿ ಒತ್ತಿದ ಗುಳಿಗೆ. ಒಡೆದ ಕೂಡಲೇ ಎರಡು ಗುಳಿಗೆ ಅಂಗೈಯಲ್ಲಿ ಗಟ್ಟಿಯಾಗಿ ತಿಕ್ಕಿ ಮೂಸಿ. ಚಕ್ಕೋತದ ಸಿಪ್ಪೆ ಸುಲಿದ ಹಾಗೆ ವಾಸನೆ ಬರಬೇಕು, ಹಿಂದೆಯೇ ಹೂವಿನ ಘಮ. ಕೈ ಸ್ವಲ್ಪ ಅಂಟಂಟಾಗುತ್ತದೆ. ಬಣ್ಣ ಕಂದಾಗಿ ಹಳೇ ಚೀಸ್ ವಾಸನೆ ಬಂದರೆ ಬಳಸಬೇಡಿ.

ಒಂದು ಲೀಟರ್ ನೀರು ಕುದಿಸಿ, ಒಲೆ ಆರಿಸಿ. ಸುಮಾರು 75 ಡಿಗ್ರಿಗೆ ಇಳಿಯಲಿ. ಅರ್ಧ ಲಿಂಬೆ ಹಿಂಡಿ, 2 ಗ್ರಾಂ ಹಾಪ್ಸ್ ಹಾಕಿ ಕಲಕಿ, ಮುಚ್ಚಳ ಮುಚ್ಚಿ. ಹದಿನೈದು ನಿಮಿಷ ಸಾಕು. ಹಾಪ್ಸ್ ಹಾಕಿದ ಮೇಲೆ ಮಾತ್ರ ಕುದಿಸಬೇಡಿ. ಕುದಿದಷ್ಟೂ ಕಹಿ ಏರುತ್ತದೆ, ಪರಿಮಳ ಹಬೆಯ ಜೊತೆ ಹೋಗಿಬಿಡುತ್ತದೆ. ಕೆಲಸದಲ್ಲೂ ಹಾಗೇ. ಕಹಿಗೆ ಬೇಕಾದ ಹಾಪ್ಸ್ ಒಂದು ತಾಸು ಕುದಿಸುತ್ತೇವೆ, ಪರಿಮಳದ್ದನ್ನು ಕೊನೆಗೆ ಹಾಕುತ್ತೇವೆ. ಆಯಿ ಸಾರಿಗೆ ಒಗ್ಗರಣೆ ಕೊಟ್ಟು ತಟ್ಟನೆ ಮುಚ್ಚುತ್ತಾಳಲ್ಲ, ಅದೇ ಲೆಕ್ಕ.

ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ ಫ್ರಿಜ್ಜಿನಲ್ಲಿಡಿ. ಲೋಟಕ್ಕೆ ಅರ್ಧ ಇದು, ಅರ್ಧ ಸೋಡಾ, ಒಂದು ಚಮಚ ಜೋನಿ ಬೆಲ್ಲ, ಚಿಟಿಕೆ ಉಪ್ಪು. ಸಕ್ಕರೆಗಿಂತ ಜೋನಿ ಬೆಲ್ಲವೇ ಈ ಕಹಿಗೆ ಹೊಂದುತ್ತದೆ.

ಉಳಿದ ಗುಳಿಗೆಯನ್ನು ಗಾಳಿ ತೆಗೆದು ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿಡಿ.

ಸೋಸಿದ ಚರಟವನ್ನು ಸುಮ್ನೆ ಹಿತ್ತಿಲಿಗೆ ಎಸೆಯಬೇಡಿ. ಹಾಪ್ಸ್ ನಾಯಿಗೆ ವಿಷ. ತಿಂದರೆ ಮೈ ಬಿಸಿ ವಿಪರೀತ ಏರಿ ಜೀವಕ್ಕೇ ಅಪಾಯ. ನಮ್ಮ ಕಾಳ ಮೂಸುತ್ತಾ ಹಿಂದೆಯೇ ಬರುತ್ತಾನೆ. ಅವನನ್ನು ಕಟ್ಟಿ ಹಾಕಿ, ಆಳಕ್ಕೆ ಗುಂಡಿ ತೋಡಿ ಹೂತು, ಮೇಲೆ ಕಲ್ಲು ಹೇರುತ್ತೇನೆ.