ತಾಳಕ್ಕೆ ಕೂರುವ ಕೈಚಳಕ: 21 ಎಲೆ, ಒಂದು ನಾಣ್ಯ, ಒಂದು ಫೋನ್

ನಾಲ್ಕು ಜನರನ್ನು ಹತ್ತಿರ ಕೂರಿಸಿಕೊಂಡು ಜಾದೂ ಮಾಡುವಾಗ ಹಿನ್ನೆಲೆಗೆ ಒಂದು ಹಾಡು ಹಾಕಿಬಿಟ್ಟರೆ ಸಂಗೀತ ಬೆರೆಸಿದಂತಾಗುವುದಿಲ್ಲ. ಹಾಡು ಒಂದು ಕಡೆ, ಕೈ ಇನ್ನೊಂದು ಕಡೆ ಓಡುತ್ತವೆ. ಜಾದೂಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ತಾಳ. ಸಮ, ಅಂದರೆ ತಾಳದ ಮೊದಲ ಪೆಟ್ಟು, ಬರುವತನಕ ಜನ ಕಾಯುತ್ತಾರೆ, ಬಿದ್ದ ಮರುಕ್ಷಣ ಸಡಿಲವಾಗುತ್ತಾರೆ. ಹಾಗಾಗಿ ತೋರಿಸಬೇಕಾದ್ದನ್ನು ಸಮಕ್ಕೆ ತೋರಿಸಿ, ಕದಿಯಬೇಕಾದ್ದನ್ನು ಸಮ ದಾಟಿದ ಮೇಲೆ ಕದಿಯಿರಿ. ಹೊಸಬರು ಸರಿಯಾಗಿ ಇದರ ಉಲ್ಟಾ ಮಾಡುತ್ತಾರೆ: ಜೋರು ಪೆಟ್ಟು ಬಿದ್ದಾಗ ಕೈಯೂ ಹಾರುತ್ತದೆ, ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ.

ಇದನ್ನು ನೋಡಿ ಕಲಿಯಬೇಕೆಂದರೆ ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗೆ ಹೋಗಿ, ತನಿ ಆವರ್ತನ (ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ಭಾಗ) ಮುಗಿಯುವ ಹೊತ್ತಿಗೆ ವೇದಿಕೆ ಬಿಟ್ಟು ಸಭೆಯ ಕಡೆ ತಿರುಗಿ. ಮುಕ್ತಾಯದ ತನಕ ಅಲುಗಾಡದೆ ಕೂತವರು ಚಪ್ಪಾಳೆ ಶುರುವಾದ ಕೂಡಲೇ ಪಕ್ಕದವರತ್ತ ವಾಲುತ್ತಾರೆ, ಶಾಲು ಸರಿಮಾಡಿಕೊಳ್ಳುತ್ತಾರೆ. ಆ ಎರಡು ಮೂರು ಸೆಕೆಂಡು ವೇದಿಕೆಯ ಮೇಲೆ ಏನು ಸರಿದಾಡಿದರೂ ಯಾರಿಗೂ ನೆನಪಿರುವುದಿಲ್ಲ.

ಮೊದಲು ಇಸ್ಪೀಟು: ಮಿಶ್ರ ಛಾಪಿನಲ್ಲಿ 21 ಎಲೆ

ಇದಕ್ಕೆ ಕೈಚಳಕ ಬೇಡ, ತಾಳ ತಪ್ಪದಿದ್ದರೆ ಸಾಕು. ಇಪ್ಪತ್ತೊಂದು ಎಲೆಯ ಆಟ ಹಳೆಯದು, ಎಲ್ಲರೂ ನೋಡಿರುವುದು. ಮೂರು ಸಲ ಎಲೆ ಹಾಕುವಷ್ಟರಲ್ಲಿ ಬೇಜಾರಾಗುತ್ತದೆ ಎಂಬುದೇ ಅದರ ಮೇಲಿರುವ ದೂರು. ಆದರೆ 21 ಅಂದರೆ ಏಳು ಮಾತ್ರೆಯ ತಾಳವಾದ ಮಿಶ್ರ ಛಾಪಿನ ಮೂರು ಆವರ್ತ (ಮಾತ್ರೆ ಅಂದರೆ ಕಾಲದ ಒಂದು ಸಣ್ಣ ಅಳತೆ, ತಾಳ ಒಮ್ಮೆ ಪೂರ್ತಿಯಾದರೆ ಒಂದು ಆವರ್ತ). "ತಕಿಟ ತಕಧಿಮಿ" ಎಂದು ಏಳು ಮಾತ್ರೆ, ಮಾತ್ರೆಗೊಂದು ಎಲೆ.

ಎಲೆಗಳನ್ನು ಮುಖ ಕಾಣುವಂತೆ ಎಡದಿಂದ ಬಲಕ್ಕೆ, ಸಾಲಿಗೆ ಮೂರರಂತೆ ಹಾಕುತ್ತಾ ಹೋಗಿ. ಮೂರು ಕಂಬ, ಒಂದೊಂದರಲ್ಲಿ ಏಳು ಎಲೆ. ನೋಡುವವರು ಮನಸ್ಸಿನಲ್ಲೇ ಒಂದು ಎಲೆ ಆರಿಸಿಕೊಂಡು, ಅದು ಯಾವ ಕಂಬದಲ್ಲಿದೆ ಎಂದಷ್ಟೇ ಹೇಳಬೇಕು. ಆ ಕಂಬವನ್ನು ಉಳಿದೆರಡರ ನಡುವೆ ಇಟ್ಟು ಕಟ್ಟು ಕೂಡಿಸಿ, ಮತ್ತೆ ಹಾಕಿ, ಮತ್ತೆ ಕೇಳಿ. ಒಟ್ಟು ಮೂರು ಸಲ. ಮೂರನೇ ಸಲ ಕೂಡಿಸಿದ ಮೇಲೆ ಆ ಎಲೆ ಮೇಲಿನಿಂದಲೂ ಕೆಳಗಿನಿಂದಲೂ 11ನೆಯದು. ನಿಮಿಷಕ್ಕೆ 120 ಮಾತ್ರೆಯ ವೇಗದಲ್ಲಿ ಒಂದು ಸುತ್ತು ಹತ್ತೂವರೆ ಸೆಕೆಂಡಿಗೆ ಮುಗಿಯುತ್ತದೆ, ಬೇಜಾರಾಗಲು ಪುರುಸೊತ್ತೇ ಇರುವುದಿಲ್ಲ. ತಾಳ ಹಾಕುವ ಕೆಲಸವನ್ನು ನೋಡುವವರಿಗೇ ಕೊಟ್ಟುಬಿಡಿ.

ತಪ್ಪು ಹಿಡಿಯುವ ದಾರಿಯೂ ತಾಳದಲ್ಲೇ ಇದೆ. ಮೊದಲ ಆವರ್ತದ ಕೊನೆಯ ಎಲೆ ಎಡಗಡೆಯ ಕಂಬಕ್ಕೆ ಬೀಳಬೇಕು, ಎರಡನೆಯದರದ್ದು ನಡುವಿನದಕ್ಕೆ, ಮೂರನೆಯದರದ್ದು ಬಲಗಡೆಯದಕ್ಕೆ. ಹಾಗೆ ಬೀಳಲಿಲ್ಲವೆಂದರೆ ಎರಡು ಎಲೆ ಅಂಟಿಕೊಂಡು ಬಂದಿವೆ ಅಥವಾ ಕಟ್ಟಿನಲ್ಲಿ 21 ಇಲ್ಲ. ಎಣ್ಣೆ ಕೈಯಲ್ಲಿ ಮುಟ್ಟಿದ ಅಗ್ಗದ ಹೊಳಪು ಎಲೆಗಳು ಹೀಗೆ ಅಂಟುತ್ತವೆ. ಬಜ್ಜಿ ತಿಂದ ಕೈಯವರಿಗೆ ಮೊದಲು ಟಿಶ್ಯೂ ಕೊಡಿ.

ಕೊನೆಯ ಸುತ್ತಿನಲ್ಲಿ ಎಲೆಗಳನ್ನು ಮಗುಚಿ ಹಾಕಿ. 11 ಅಂದರೆ 7 ಮತ್ತು 4, ಎಂದರೆ ಎರಡನೇ ಆವರ್ತದ "ತಕಿಟ" ಆದ ಮೇಲಿನ "ತ". ಛಾಪಿನ ಎರಡನೇ ಪೆಟ್ಟು ಬೀಳುವುದೂ ಅಲ್ಲೇ, ಹಾಗಾಗಿ ಎಣಿಸುವ ಅಗತ್ಯವೇ ಇಲ್ಲ, ಕೈ ತಾನಾಗಿ ನಿಲ್ಲುತ್ತದೆ. ಆ ಎಲೆಯನ್ನು ಬೇರೆಯಾಗಿ ಇಟ್ಟು, ಉಳಿದ "ಕಧಿಮಿ"ಯನ್ನು ಬಾಯಲ್ಲಿ ಮುಗಿಸಿ, ಸಮಕ್ಕೆ ತಿರುಗಿಸಿ.

ನಾಣ್ಯ ಮತ್ತು ಫೋನ್: ಆದಿ ತಾಳದ ಐದು ಆವರ್ತ

ಇದಕ್ಕೆ ಅಭ್ಯಾಸ ಬೇಕು. 10 ರೂಪಾಯಿ ನಾಣ್ಯ 27 ಮಿ.ಮೀ. ಅಗಲವಿದ್ದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಬೆರಳಿನ ಬುಡದಲ್ಲೂ ಕೂರುತ್ತದೆ. ಅದನ್ನು ನೋಡುವವರಿಂದಲೇ ಕೇಳಿ: "ಸರ್, ಒಂದ್ ಹತ್ರೂಪಾಯಿ ಕಾಯಿನ್ ಇದ್ಯಾ? ಅಂಗಡಿಯವ್ರು ಬೇಡ ಅಂದಿದ್ದಾದ್ರೂ ಪರವಾಗಿಲ್ಲ." ಪರ್ಮನೆಂಟ್ ಮಾರ್ಕರ್‌ನಲ್ಲಿ ಅದರ ಮೇಲೆ ಇನಿಷಿಯಲ್ ಬರೆಸಿ, ಹತ್ತು ಸೆಕೆಂಡು ಒಣಗಲು ಬಿಡಿ. ಹಸಿ ಶಾಯಿ ಬೆರಳಿಗೆ ಹತ್ತಿದರೆ ನಾಣ್ಯ ಯಾವ ಕೈಯಲ್ಲಿತ್ತು ಎಂದು ಬೆರಳೇ ಹೇಳಿಬಿಡುತ್ತದೆ.

ಹಾಡು ನುಡಿಸುವ ಫೋನ್ ನಿಮ್ಮದೇ. ಫ್ಲೈಟ್ ಮೋಡ್‌ನಲ್ಲಿ, ಸ್ಕ್ರೀನ್ ಮೇಲಾಗಿ, ಮೇಜಿನ ಬಲಭಾಗದಲ್ಲಿ ಅಡ್ಡಕ್ಕೆ ಮಲಗಿರಲಿ. ಸದ್ದು ಬೇಕಾದ್ದಕ್ಕಿಂತ ಎರಡು ಮೂರು ಹಂತ ಜಾಸ್ತಿ ಇರಲಿ, ಕಾರಣ ಆಮೇಲೆ ತಿಳಿಯುತ್ತದೆ. ಕೆಳಗೆ ಮೆತ್ತನೆಯ ಮ್ಯಾಟ್ ಹಾಸುವುದು ಕಡ್ಡಾಯ. ದರ್ಶಿನಿಯ ಸ್ಟೀಲ್ ಅಥವಾ ಗ್ರಾನೈಟ್ ಮೇಜಿನ ಮೇಲೆ ನಾಣ್ಯ ಠಣ್ ಎಂದರೆ ಆಟ ಮುಗಿಯಿತು. ದೊಡ್ಡ ಮೌಸ್ ಪ್ಯಾಡ್ ಸಾಕು. ನೋಡಲು ಚೆನ್ನಾಗಿರಬೇಕೆಂದರೆ ಚಿಕ್ಕಪೇಟೆಯಲ್ಲಿ ಅರ್ಧ ಮೀಟರ್ ಕಪ್ಪು ವೆಲ್ವೆಟ್ ತಂದು ಅದರ ಮೇಲೆ ಅಂಟಿಸಿ.

ಆದಿ ತಾಳದ ಆವರ್ತಕ್ಕೆ ಎಂಟು ಎಣಿಕೆ. ವೇಗ ನಿಮಿಷಕ್ಕೆ 60 ಎಣಿಕೆ, ಒಂದು ಆವರ್ತಕ್ಕೆ ಎಂಟು ಸೆಕೆಂಡು.

ಮೊದಲ ಆವರ್ತ ಬರೀ ತೋರಿಸಲು: ನಾಣ್ಯ, ಅದರ ಮೇಲಿನ ಬರಹ, ಖಾಲಿ ಎಡಗೈ. ಎರಡನೆಯದರ ಸಮಕ್ಕೆ ನಾಣ್ಯವನ್ನು ಬಲಗೈಯ ಹೆಬ್ಬೆರಳು ಮತ್ತು ಮೊದಲೆರಡು ಬೆರಳ ತುದಿಯಲ್ಲಿ ಎದೆಮಟ್ಟಕ್ಕೆ ಎತ್ತಿ ಹಿಡಿಯಿರಿ. ಎರಡನೇ ಎಣಿಕೆಗೆ ಎಡ ಅಂಗೈ ಮುಂದೆ ಬರಲಿ, ಮೂರಕ್ಕೆ ನಾಣ್ಯ ಅದರ ಮೇಲೆ ಚಪ್ಪಟೆಯಾಗಿ ಕೂರಲಿ. ಎಡಗೈ ಕಿರುಬೆರಳಿನಿಂದ ಮುಚ್ಚುತ್ತಾ ಬರುತ್ತದೆ. ಅದರ ಬೆರಳುಗಳು ನಾಣ್ಯವನ್ನು ಮರೆಮಾಡಿದ ಕ್ಷಣದಲ್ಲೇ ಬಲ ಹೆಬ್ಬೆರಳು ನಾಣ್ಯವನ್ನು ಹಿಂದಕ್ಕೆ ಎಳೆದು ಬಲಗೈಯ ನಡುಬೆರಳು, ಉಂಗುರ ಬೆರಳುಗಳ ಬುಡಕ್ಕೆ ಸೇರಿಸುತ್ತದೆ. ಇದು ನಾಲ್ಕನೇ ಎಣಿಕೆ. ಐದಕ್ಕೆ ಎಡ ಮುಷ್ಟಿ ಮೇಲೆದ್ದು ಎಡಕ್ಕೆ ಸರಿಯಬೇಕು, ನಿಮ್ಮ ಕಣ್ಣೂ ಅದರ ಹಿಂದೆಯೇ ಹೋಗಬೇಕು. ಬಲಗೈ ಸುಮ್ಮನೆ ಕೆಳಗಿಳಿಯಲಿ, ಅವಸರ ಬೇಡ.

ಮೂರನೇ ಆವರ್ತದ ಸಮದಲ್ಲಿ ಮುಷ್ಟಿಯನ್ನು ಒಮ್ಮೆ ಬಿಗಿ ಮಾಡಿ, ನಿಲ್ಲಿ. ಏನೋ ಆಗಲಿದೆ ಎಂದು ಜನ ಕಾಯುತ್ತಾರೆ, ಏನೂ ಆಗುವುದಿಲ್ಲ, ಸಡಿಲವಾಗುತ್ತಾರೆ. ಈಗ "ಸ್ವಲ್ಪ ಜೋರಾಯ್ತು ಅಲ್ವಾ?" ಎನ್ನುತ್ತಾ ಬಲಗೈಯಿಂದ ಫೋನ್ ಎತ್ತಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ನಾಣ್ಯ ಫೋನಿನ ಬೆನ್ನಿಗೆ ಒತ್ತಿರುತ್ತದೆ. ಸದ್ದು ಎರಡು ಹಂತ ಇಳಿಸಿ, ಫೋನನ್ನು ಮ್ಯಾಟಿನ ಮೇಲಿಟ್ಟು ಬೆರಳನ್ನು ಹೊರಗೆ ಜಾರಿಸಿದರೆ ನಾಣ್ಯ ಅಡಿಯಲ್ಲೇ ಉಳಿಯುತ್ತದೆ. ಕ್ಯಾಮೆರಾ ಉಬ್ಬಿರುವ ತುದಿಯ ಹತ್ತಿರ ಬಿಟ್ಟರೆ ಫೋನ್ ಓಲಾಡುವುದಿಲ್ಲ. ಹಾಡು ನಿಜಕ್ಕೂ ಜೋರಾಗಿದ್ದರೆ ಮಾತ್ರ ಈ ಎತ್ತಿಡುವಿಕೆ ಮರೆತುಹೋಗುತ್ತದೆ. ಸದ್ದು ಸರಿಯಾಗೇ ಇದ್ದು ನೀವು ಫೋನ್ ಮುಟ್ಟಿದಿರೆಂದರೆ "ಫೋನ್ ಯಾಕೆ ಮುಟ್ಟಿದ್ರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ನಾಲ್ಕನೆಯದರ ಸಮಕ್ಕೆ ಎಡಗೈ ತೆರೆಯಿರಿ: ಖಾಲಿ. ಆ ಆವರ್ತ ಪೂರ್ತಿ ಅವರ ನಗುವಿಗೆ, ಮಾತಿಗೆ ಬಿಡಿ. "ಆ ಕೈ ತೋರ್ಸಿ" ಎಂದರೆ ಬಲಗೈಯನ್ನೂ ತೋರಿಸಿ, ಅದೂ ಖಾಲಿಯೇ.

ಐದನೆಯದರಲ್ಲಿ ನಾಣ್ಯದ ಯಜಮಾನರಿಗೆ ಹೇಳಿ: "ಮೂರನೇ ತೋಂ ಆದ ತಕ್ಷಣ ಫೋನ್ ಎತ್ತಿ ಸರ್." ಎಣಿಕೆಗೆ ಎರಡು ಮಾತ್ರೆಯಂತೆ ಆವರ್ತದಲ್ಲಿ 16 ಮಾತ್ರೆ. ನೀವು ಬಾಯಲ್ಲಿ ಹೇಳುವ "ತದಿಗಿಣತೋಂ" ಐದು ಮಾತ್ರೆ, ಮೂರು ಸಲಕ್ಕೆ 15. ಮೊದಲ ಒಂದು ಮಾತ್ರೆ ಬಿಟ್ಟು ಶುರುಮಾಡಿದರೆ ಲೆಕ್ಕ ಸಮಕ್ಕೆ ಕೂರುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಮಾತಿಗೇ ಒಂದಿಷ್ಟು ಎಣಿಕೆ ಹೋಗುತ್ತದೆ ಅನ್ನಿಸಿದರೆ ಇನ್ನೊಂದು ಆವರ್ತ ಬಿಟ್ಟು ಹಿಡಿಯಿರಿ, ನಷ್ಟವಿಲ್ಲ.

ಎಲ್ಲಿ ಕೆಡುತ್ತದೆ

ಸಾಮಾನ್ಯವಾಗಿ ಕೆಡುವುದು ಬಲಗೈ. ನಾಣ್ಯ ಹಿಡಿದ ಕೈ ಮರಗಟ್ಟಿದಂತೆ ಬಿಗಿದುಕೊಳ್ಳುತ್ತದೆ, ಕಿರುಬೆರಳು ಸೆಟೆಯುತ್ತದೆ. ಮನೆಯಲ್ಲಿ ಬೆರಳ ಬುಡದಲ್ಲಿ ನಾಣ್ಯ ಇಟ್ಟುಕೊಂಡೇ ಟಿವಿ ರಿಮೋಟ್ ಒತ್ತಿ, ಕಾಫಿ ಲೋಟ ಎತ್ತಿ. ನಾಣ್ಯ ಜಾರುತ್ತಿದ್ದರೆ ಚರ್ಮ ಒಣಗಿದೆ. ಬೆಂಗಳೂರಿನ ಜನವರಿ, ಫೆಬ್ರವರಿ ಹವೆಯಲ್ಲಿ ಇದು ಸಾಮಾನ್ಯ, ಒಂದು ಹನಿ ಗ್ಲಿಸರಿನ್ ಉಜ್ಜಿಕೊಳ್ಳಿ.

ಎರಡನೆಯದು ಮಾತು. ಕದಿಯುವ ಎಣಿಕೆಯಲ್ಲಿ ಮಾತು ನಿಂತುಹೋದರೆ ಕೈ ಸಿಕ್ಕಿಬಿದ್ದಂತೆಯೇ. ಮೊದಲು ನಿಮಿಷಕ್ಕೆ 40 ಎಣಿಕೆಯ ವೇಗದಲ್ಲಿ ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ತೋರಿಸುವ ಸಾಧನ) ಇಟ್ಟು, ಮಾತಾಡುತ್ತಲೇ ಮಾಡಿ ವಿಡಿಯೊ ತೆಗೆದುಕೊಳ್ಳಿ. ಕನ್ನಡಿಗಿಂತ ವಿಡಿಯೊ ವಾಸಿ, ಏಕೆಂದರೆ ಕನ್ನಡಿಯ ಮುಂದೆ ಕದಿಯುವ ಹೊತ್ತಿಗೆ ನಿಮಗೇ ಗೊತ್ತಾಗದಂತೆ ನೀವು ಕಣ್ಣು ಮಿಟುಕಿಸಿರುತ್ತೀರಿ.

ದರ್ಶಿನಿಯಂಥ ಕಡೆ ಜನ ಹಿಂದೆಯೂ ನಿಲ್ಲುತ್ತಾರೆ. ಗೋಡೆಗೋ ಕಂಬಕ್ಕೋ ಬೆನ್ನು ಕೊಟ್ಟು ನಿಂತುಕೊಳ್ಳಿ.

ಹಾಡು, ಜೊತೆಗಾರರು

ಸಾಹಿತ್ಯವಿಲ್ಲದ ವೀಣೆ, ಕೊಳಲು, ಮಧ್ಯಮ ಕಾಲ (ನಡುವಿನ ವೇಗ) ಒಳ್ಳೆಯದು. ಹಾಡಿನ ಮಾತು ನಿಮ್ಮ ಮಾತಿನ ಮೇಲೆ ಬಿದ್ದರೆ ಎರಡೂ ಕೇಳುವುದಿಲ್ಲ. ಕೃತಿ ಆರಿಸುವಾಗ ಎಡುಪು, ಅಂದರೆ ಹಾಡು ತಾಳದ ಯಾವ ಜಾಗದಲ್ಲಿ ಎತ್ತಿಕೊಳ್ಳುತ್ತದೆ ಎಂಬುದನ್ನು, ನೋಡಿಕೊಳ್ಳಿ. ಅನಾಗತದ ಪಲ್ಲವಿ ತಾಳದ ಸಮ ಕಳೆದು ಶುರುವಾಗುತ್ತದೆ, ತಾಳ ಹಾಕದ ಕೇಳುಗನಿಗೆ ಪಲ್ಲವಿ ಎತ್ತಿಕೊಂಡಲ್ಲೇ ಪೆಟ್ಟು. ಅಂಥ ಕೃತಿಯಲ್ಲಿ ಕೈ ತೆರೆಯುವುದು ಎಡುಪಿಗೆ ಬರಲಿ, ತಾಳದ ಸಮಕ್ಕಲ್ಲ.

ಕೃತಿ ಹಳೆಯದಾದರೂ ಧ್ವನಿಮುದ್ರಿಕೆಗೆ ಬೇರೆ ಹಕ್ಕಿದೆ, ಪ್ರಕಟವಾದ ಮೇಲೆ 60 ವರ್ಷ. ಮದುವೆ ಸಮಾರಂಭಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಹೋಟೆಲ್, ಕಂಪನಿ ಕಾರ್ಯಕ್ರಮವಾದರೆ ಸ್ಥಳದವರ ಬಳಿ ಪರವಾನಗಿ ಇದೆಯೇ ಎಂದು ಮೊದಲೇ ಕೇಳಿ.

ಖಂಜಿರ (ಬಿಲ್ಲೆ ಕೂರಿಸಿದ, ಕೈಯಲ್ಲಿ ಹಿಡಿದು ನುಡಿಸುವ ಸಣ್ಣ ಚರ್ಮವಾದ್ಯ) ನುಡಿಸುವ ಗೆಳೆಯರಿದ್ದರೆ ಫೋನ್ ಬರೀ ಶ್ರುತಿಗೆ ಸಾಕು. ನಾಣ್ಯದಾಟಕ್ಕೆ ಖಂಜಿರದಷ್ಟು ಹೊಂದುವ ವಾದ್ಯ ಇನ್ನೊಂದಿಲ್ಲ, ಅದರ ಬಿಲ್ಲೆಗಳ ಝಣಝಣದಲ್ಲಿ ಸಣ್ಣ ಠಣ್ ಮುಚ್ಚಿಹೋಗುತ್ತದೆ. ಜೊತೆಗಾರರಿಗೆ ಗುಟ್ಟು ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಎಲ್ಲಿ ನೋಡಬೇಕೆಂದು ಹೇಳಲೇಬೇಕು: ಎರಡನೇ ಆವರ್ತದ ಐದನೇ ಎಣಿಕೆಯಿಂದ ಎಡ ಮುಷ್ಟಿಯನ್ನು. ಅವರು ಒಮ್ಮೆ ಬಲಗೈ ಕಡೆ ಇಣುಕಿದರೂ ಇಡೀ ಮೇಜು ಅಲ್ಲೇ ಇಣುಕುತ್ತದೆ.