ಸಿಂಥ್‌ನ ಶ್ರುತಿ ನನಗೆ ಸಿಕ್ಕಿದ್ದು ಪವರ್ ಸಪ್ಲೈನಲ್ಲಿ

ಸಿಂಥ್ ಅಂದರೆ ಕರೆಂಟ್‌ನಿಂದ ಸ್ವರ ಹುಟ್ಟಿಸುವ ವಾದ್ಯ. ನನ್ನ ಮೊದಲ ಸಿಂಥ್ ಅಂದರೆ ಬೆಸುಗೆ ಇಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ಮೇಲೆ ಕೂತಿದ್ದ ಒಂದು ಸಿಡಿ40106 ಐಸಿ, ಒಂದು ಪಾಟ್ (ತಿರುಗಿಸಿ ತಡೆಯನ್ನು ಬದಲಿಸುವ ಭಾಗ), ಒಂದು ಕೆಪಾಸಿಟರ್ (ಚಾರ್ಜ್ ಕೂಡಿಡುವ ಭಾಗ), 9 ವೋಲ್ಟ್ ಬ್ಯಾಟರಿ. ಆ ಐಸಿಯ ಒಳಗೆ ಆರು ಇನ್ವರ್ಟರ್‌ಗಳಿವೆ (ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ, ಒಳಬಂದದ್ದನ್ನು ಉಲ್ಟಾ ಮಾಡಿ ಹೊರಕೊಡುವ ಭಾಗ). ಒಂದೊಂದಕ್ಕೂ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಕೊಟ್ಟರೆ ಒಂದೊಂದೂ ಒಂದು ಆಸಿಲೇಟರ್, ಅಂದರೆ ತಾನೇ ಏರಿಳಿದು ಸ್ವರ ಹುಟ್ಟಿಸುವ ಸರ್ಕ್ಯೂಟ್ ಆಗುತ್ತದೆ. ಪಾಟ್ ತಿರುಗಿಸಿದೆ, ಸ್ವರ ಏರಿತು. ಆ ಸಂತೋಷ ಇವತ್ತಿಗೂ ನೆನಪಿದೆ.

ಎರಡನೇ ಇನ್ವರ್ಟರ್‌ನಿಂದ ನಿಧಾನಕ್ಕೆ ಮಿನುಗುವ ಒಂದು ಎಲ್‌ಇಡಿ ಮಾಡಿದೆ. ಆಗ ಒಂದು ವಿಚಿತ್ರ ಕಾಣಿಸಿತು. ಎಲ್‌ಇಡಿ ಹತ್ತಿದಾಗಲೆಲ್ಲ ಸ್ವರ ಸ್ವಲ್ಪ ಜಗ್ಗುತ್ತಿತ್ತು, ಆರಿದಾಗ ಮತ್ತೆ ಸರಿ ಹೋಗುತ್ತಿತ್ತು. ಎಲ್‌ಇಡಿ ಕರೆಂಟ್ ಎಳೆದಾಗ ಬ್ಯಾಟರಿಯ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ, ಈ ಐಸಿಯ ಸ್ವರ ಆ ವೋಲ್ಟೇಜ್ ಮೇಲೇ ನಿಂತಿದೆ. ಇದು ಅರ್ಥವಾಗಲು ನನಗೆ ಎರಡು ವಾರ ಬೇಕಾಯಿತು. ಅರ್ಥವಾದ ಮೇಲೂ ಅದರ ತೂಕ ಗೊತ್ತಾಗಲಿಲ್ಲ. ಆಸಿಲೇಟರ್, ನಾದದ ಬಣ್ಣ ಬದಲಿಸುವ ಫಿಲ್ಟರ್ ಇವೇ ವಾದ್ಯ, ಪವರ್ ಸಪ್ಲೈ ಹಿಂದೆ ಇರುವ ಒಂದು ಪೆಟ್ಟಿಗೆ, ಫ್ರಂಟ್ ಪ್ಯಾನೆಲ್ ಮುಂದೆ ಇರುವ ಒಂದು ಮುಚ್ಚಳ ಅಂತಲೇ ಅಂದುಕೊಂಡಿದ್ದೆ.

ಮುಂದಿನದಕ್ಕೆ ಯೂರೋರ‍್ಯಾಕ್ ಅಳತೆಗಳನ್ನು ಹಿಡಿದೆ. ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದಲ್ಲಿ ತಂದ ಎ-100 ಸಿಂಥ್‌ನಿಂದ ಹರಡಿದ, ವಾದ್ಯವನ್ನು ಬಿಡಿ ಬಿಡಿ ಮಾಡ್ಯೂಲ್‌ಗಳಾಗಿ ಕಟ್ಟಿ ಒಂದೇ ಚೌಕಟ್ಟಿನಲ್ಲಿ ಕೂರಿಸುವ ಪದ್ಧತಿ ಇದು. ಪ್ಯಾನೆಲ್ ಎತ್ತರ 128.5 ಮಿ.ಮೀ., ಅಗಲದ ಒಂದು ಎಚ್‌ಪಿ ಅಂದರೆ 5.08 ಮಿ.ಮೀ., ವೋಲ್ಟೇಜ್ ಪ್ಲಸ್ 12 ಮತ್ತು ಮೈನಸ್ 12. ಅಳತೆ ಮೊದಲೇ ಗೊತ್ತಿದ್ದರೆ ಯೋಚನೆ ಅರ್ಧ ಮುಗಿದ ಹಾಗೆ.

ಪವರ್ ಸಪ್ಲೈಗೆ ನಾನು ತೆಗೆದುಕೊಂಡದ್ದು 12 ವೋಲ್ಟ್ ಎಸಿ ಹೊರಕೊಡುವ ಅಡಾಪ್ಟರ್. ಡಿಸಿ ಅಲ್ಲ, ಎಸಿ. ಇದರಿಂದ ಗೋಡೆಯ ಕರೆಂಟ್ ಆ ಮುಚ್ಚಿದ ಅಡಾಪ್ಟರ್ ಒಳಗೇ ಉಳಿಯುತ್ತದೆ, ನನ್ನ ಕೈ ಮುಟ್ಟುವ ಕಡೆ ಬರುವುದಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಇದನ್ನೇ ಹೇಳುತ್ತೇನೆ. ಗೋಡೆಯ ಕರೆಂಟ್ ಜೊತೆ ಕೆಲಸ ಮಾಡಿ ಅಭ್ಯಾಸ ಇಲ್ಲದವರು ಮೊದಲ ಸಿಂಥ್‌ಗಾಗಿ ಅದನ್ನು ಕಲಿಯುವ ಅಪಾಯ ಬೇಡ.

ಡಯೋಡ್ ಕರೆಂಟ್ ಅನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಒಂದು ಡಯೋಡ್ ಎಸಿಯ ಮೇಲಿನ ಅರ್ಧವನ್ನು ಹಿಡಿಯುತ್ತದೆ, ಇನ್ನೊಂದು ಕೆಳಗಿನ ಅರ್ಧವನ್ನು. ಪ್ಲಸ್ ಕಡೆಗೆ 7812, ಮೈನಸ್ ಕಡೆಗೆ 7912, ವೋಲ್ಟೇಜ್ ಅನ್ನು 12ರಲ್ಲೇ ನಿಲ್ಲಿಸುವ ರೆಗ್ಯುಲೇಟರ್‌ಗಳು. ಕಾಗದದ ಮೇಲೆ ತುಂಬಾ ಸುಲಭ. ಆದರೆ ಆನ್ ಮಾಡಿದಾಗ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು. ಆಗ ಪೆನ್ನು ಹಿಡಿದು ಕೂತೆ. 12 ವೋಲ್ಟ್ ಎಸಿಯ ತುದಿ ಸುಮಾರು 17 ವೋಲ್ಟ್. ಡಯೋಡ್ ಕಳೆದರೆ 16 ಚಿಲ್ಲರೆ. 7812ಗೆ ತನ್ನ 12ರ ಮೇಲೆ ಸುಮಾರು 2 ವೋಲ್ಟ್ ಬೇಕು, ಅಂದರೆ 14ಕ್ಕಿಂತ ಕೆಳಗೆ ಇಳಿಯಬಾರದು. 50 ಹರ್ಟ್ಸ್‌ನಲ್ಲಿ ಅರ್ಧ ಅಲೆ ಮಾತ್ರ ಹಿಡಿದರೆ ಕೆಪಾಸಿಟರ್ ತುಂಬುವುದು 20 ಮಿಲಿಸೆಕೆಂಡಿಗೆ ಒಂದೇ ಸಲ. ನಡುವೆ ಅದೇ ಇಡೀ ಸಿಂಥ್ ಅನ್ನು ಸಾಕಬೇಕು. ನಾನು ಹಾಕಿದ್ದು 1000 ಮೈಕ್ರೋಫ್ಯಾರಡ್. 300 ಮಿಲಿಆಂಪ್ ಎಳೆದರೆ ಆ ನಡುವೆ ವೋಲ್ಟೇಜ್ ಹತ್ತಿರ ಹತ್ತಿರ 6 ವೋಲ್ಟ್ ಇಳಿಯುತ್ತದೆ! ರೆಗ್ಯುಲೇಟರ್ ಪ್ರತಿ ಸಲ ಉಸಿರುಗಟ್ಟುತ್ತಿತ್ತು. 4700 ಹಾಕಿದೆ, ಇಳಿತ ಸುಮಾರು 1.3ಕ್ಕೆ ಬಂತು, ಸದ್ದು ನಿಂತಿತು. ಕೆಪಾಸಿಟರ್ 35 ವೋಲ್ಟಿನದೇ ಇರಲಿ, ಯಾಕೆಂದರೆ ಲೋಡ್ ಇಲ್ಲದಾಗ ಅಡಾಪ್ಟರ್ ತನ್ನ ಮೇಲೆ ಬರೆದಿರುವುದಕ್ಕಿಂತ ಜಾಸ್ತಿ ಕೊಡುತ್ತದೆ.

ಇದಕ್ಕಿಂತ ಮೊದಲೇ ಒಂದು 7912 ಸುಟ್ಟಿತ್ತು. 7812 ಮತ್ತು 7912 ನೋಡಲು ಅವಳಿ ಮಕ್ಕಳ ಹಾಗಿವೆ, ಆದರೆ ಕಾಲುಗಳ ಕ್ರಮ ಬೇರೆ. ಬರಹ ನಮ್ಮ ಕಡೆ ಇರುವ ಹಾಗೆ ಹಿಡಿದರೆ 7812ರಲ್ಲಿ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಹಿಂಬದಿಯ ಲೋಹದ ತಗಡೂ ಬೇರೆ ಬೇರೆ. 7812ರಲ್ಲಿ ಅದು ಗ್ರೌಂಡ್, 7912ರಲ್ಲಿ ಅದು ಇನ್‌ಪುಟ್. ಎರಡನ್ನೂ ಶಾಖ ಹೊರಬಿಡುವ ಒಂದೇ ಹೀಟ್ ಸಿಂಕ್‌ಗೆ ಸುಮ್ನೆ ಸ್ಕ್ರೂ ಮಾಡಿದರೆ ಮೈನಸ್ ಇನ್‌ಪುಟ್ ನೇರ ಗ್ರೌಂಡ್‌ಗೆ ಶಾರ್ಟ್. ಮೈಕಾ ತುಂಡು, ಪ್ಲಾಸ್ಟಿಕ್ ಬುಷ್ ಹಾಕಲೇಬೇಕು. ಈಗ ನಾನು ಇವನ್ನು ಬೇರೆ ಬೇರೆ ಹೀಟ್ ಸಿಂಕ್ ಮೇಲೆ ಕೂರಿಸುತ್ತೇನೆ, ಆ ಎರಡೂ ಒಂದನ್ನೊಂದು ಮುಟ್ಟದ ಹಾಗೆ. ಜೊತೆಗೆ ಎರಡೂ ಔಟ್‌ಪುಟ್‌ಗಳಿಂದ ಗ್ರೌಂಡ್‌ಗೆ ಒಂದೊಂದು 1ಎನ್4001 ಡಯೋಡ್, ಉಲ್ಟಾ ದಿಕ್ಕಿನಲ್ಲಿ. ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ಏಳುವಾಗ ತಡವಾದದ್ದನ್ನು ತಪ್ಪು ದಿಕ್ಕಿಗೆ ಎಳೆಯದಂತೆ ಇವು ಕಾಯುತ್ತವೆ.

ಹೊಸ ಸಪ್ಲೈಗೆ ಮಾಡ್ಯೂಲ್ ಜೋಡಿಸುವ ಮೊದಲು ಎರಡೂ ಕಡೆ 47 ಓಮ್, 5 ವ್ಯಾಟ್‌ನ ರೆಸಿಸ್ಟರ್ ಕಟ್ಟುತ್ತೇನೆ. ಒಂದೊಂದೂ ಸುಮಾರು 250 ಮಿಲಿಆಂಪ್ ಎಳೆಯುತ್ತದೆ, ಚೆನ್ನಾಗಿ ಬಿಸಿಯಾಗುತ್ತದೆ. ಅರ್ಧ ಗಂಟೆ ಬಿಟ್ಟು ಮಲ್ಟಿಮೀಟರ್ ಇಟ್ಟು ನೋಡಿ, ವೋಲ್ಟೇಜ್ ಕದಲದಿದ್ದರೆ ಮಾತ್ರ ಮುಂದೆ. ರಿಬ್ಬನ್ ಕೇಬಲ್ ಬಗ್ಗೆ ಒಂದೇ ಮಾತು: ಕೆಂಪು ಗೆರೆ ಅಂದರೆ ಮೈನಸ್ 12. ಹತ್ತು ಪಿನ್ನಿನ ಕನೆಕ್ಟರ್ ತಿರುಗಿ ಕೂತರೆ ಪ್ಲಸ್ ಮೈನಸ್ ಅದಲುಬದಲು ಆಗುತ್ತವೆ, ಒಳಗಿನ ಆಪ್-ಆಂಪ್ ಐಸಿಗಳು ಸುಟ್ಟು ಹೋಗುತ್ತವೆ. ಅದಕ್ಕೇ ತಪ್ಪು ದಿಕ್ಕಿಗೆ ಕೂರದ, ಗೋಡೆ ಇರುವ ಕನೆಕ್ಟರ್ ಹಾಕುತ್ತೇನೆ. ಪ್ರತಿ ಮಾಡ್ಯೂಲ್‌ನ ಬಾಗಿಲಲ್ಲೂ ತಪ್ಪು ದಿಕ್ಕಿನ ಕರೆಂಟ್ ತಡೆಯಲು ಎರಡು ಶಾಟ್ಕಿ ಡಯೋಡ್ ಇಡುತ್ತೇನೆ.

ಇಷ್ಟೆಲ್ಲ ಆದ ಮೇಲೆ ಕೊಟ್ಟ ವೋಲ್ಟೇಜ್‌ಗೆ ತಕ್ಕ ಸ್ವರ ಹೊರಡಿಸುವ ನಿಜವಾದ ವೋಲ್ಟೇಜ್ ಕಂಟ್ರೋಲ್ಡ್ ಆಸಿಲೇಟರ್ ಕಟ್ಟಿದೆ, ಅದಕ್ಕೆ ಸ್ವರಗಳನ್ನು ಒಂದರ ನಂತರ ಒಂದು ಕಳಿಸುವ ಎಂಟು ಎಲ್‌ಇಡಿಯ ಸೀಕ್ವೆನ್ಸರ್ ಕೂಡ. ನುಡಿಸಿದರೆ ಮತ್ತೆ ಅದೇ ಹಳೆಯ ತೊಂದರೆ. ಎಲ್‌ಇಡಿ ಹತ್ತಿದ ಹಾಗೆ ಸ್ವರ ಜಾರುತ್ತಿತ್ತು. ಸಪ್ಲೈನಲ್ಲಿ ಅಳೆದರೆ 12 ವೋಲ್ಟ್ ಕಲ್ಲಿನ ಹಾಗೆ ನಿಂತಿತ್ತು.

ತಪ್ಪು ಇದ್ದದ್ದು ಗ್ರೌಂಡ್‌ನಲ್ಲಿ. ಇಲ್ಲಿ 1 ವೋಲ್ಟ್ ಅಂದರೆ ಒಂದು ಸ್ಥಾಯಿ. ಅದರಲ್ಲಿ 12 ಸ್ವರಸ್ಥಾನಗಳು, ಒಂದಕ್ಕೆ ಸುಮಾರು 83 ಮಿಲಿವೋಲ್ಟ್. ಒಂದು ಸ್ವರಸ್ಥಾನದಿಂದ ಇನ್ನೊಂದರ ದೂರವನ್ನು ನೂರು ಪಾಲು ಮಾಡಿದರೆ ಒಂದು ಪಾಲು 1 ಮಿಲಿವೋಲ್ಟಿಗಿಂತ ಕಡಿಮೆ. ನನ್ನ ಮಾಡ್ಯೂಲ್‌ಗಳೆಲ್ಲ ಒಂದೇ ತೆಳ್ಳಗಿನ ಗ್ರೌಂಡ್ ತಂತಿಯಲ್ಲಿ ಸಾಲಾಗಿ ಜೋತುಬಿದ್ದಿದ್ದವು. ಆ ತಂತಿಯ ತಡೆ 0.05 ಓಮ್ ಅಂದುಕೊಳ್ಳಿ. 100 ಮಿಲಿಆಂಪ್ ಹರಿದರೆ 5 ಮಿಲಿವೋಲ್ಟ್, ಅಂದರೆ ಆರು ಪಾಲು. ಗಮನವಿಟ್ಟು ಕೇಳಿದರೆ ಕಿವಿಗೆ ಗೊತ್ತಾಗುತ್ತದೆ. ಗ್ರೌಂಡ್ ಅಂದರೆ ಸೊನ್ನೆ ಅಂತ ನಾವು ಚಿತ್ರದಲ್ಲಿ ಬರೆಯುತ್ತೇವೆ. ತಂತಿಯಲ್ಲಿ ಅದು ಎಲ್ಲೆಡೆ ಒಂದೇ ಸೊನ್ನೆ ಅಲ್ಲ. ಅಳತೆಗೋಲಿನ ಬುಡವೇ ಅಲ್ಲಾಡಿದರೆ ಯಾವ ಅಳತೆ ಸರಿ ಬರುತ್ತದೆ, ಅಲ್ವಾ?

ಎಲ್ಲ ಬಿಚ್ಚಿದೆ. ಸಪ್ಲೈ ಹತ್ತಿರ ದಪ್ಪನೆಯ ತಾಮ್ರದ ಪಟ್ಟಿ ಹಾಕಿ, ಪ್ರತಿ ಮಾಡ್ಯೂಲ್‌ನಿಂದ ಅಲ್ಲಿಗೇ ಬೇರೆ ಬೇರೆ ಗ್ರೌಂಡ್ ತಂತಿ ಎಳೆದೆ. ಪ್ರತಿ ಐಸಿಯ ಪಕ್ಕದಲ್ಲೇ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇಟ್ಟೆ. ಜಾರುವುದು ಬಹಳಷ್ಟು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದು ಪ್ಯಾನೆಲ್‌ನಲ್ಲಿತ್ತು.

ಪ್ಯಾನೆಲ್ ನಾನು ಕೊನೆಗೆ ಮಾಡಿದ್ದೆ, ಬೋರ್ಡ್ ಮುಗಿದ ಮೇಲೆ, ಪಾಟ್‌ಗಳು ಎಲ್ಲಿ ಸಿಕ್ಕವೋ ಅಲ್ಲಿ ತೂತು ಕೊರೆದು. ಎರಡು ನಾಬ್ ನಡುವೆ ಬೆರಳು ಹೋಗುತ್ತಿರಲಿಲ್ಲ. ಕೇಬಲ್ ಚುಚ್ಚುವ ಜ್ಯಾಕ್‌ಗಳು ಮೇಲಿದ್ದು ಕೇಬಲ್‌ಗಳು ನಾಬ್‌ಗಳ ಮೇಲೆ ಇಳಿಬೀಳುತ್ತಿದ್ದವು. ಜ್ಯಾಕ್‌ಗಳ ಗ್ರೌಂಡ್‌ಗೆ ತಂತಿಯೇ ಕೊಟ್ಟಿರಲಿಲ್ಲ, ಅಲ್ಯೂಮಿನಿಯಂ ತಗಡೇ ಸಾಕು ಅಂದುಕೊಂಡಿದ್ದೆ. ಆದರೆ ತಗಡಿಗೆ ಬಣ್ಣ ಹೊಡೆದಿದ್ದೆ. ಕೆಲವು ಜ್ಯಾಕ್ ಲೋಹವನ್ನು ಮುಟ್ಟುತ್ತಿದ್ದವು, ಕೆಲವು ಅರೆಬರೆ. ಸಂಪರ್ಕ ಬಂದುಹೋಗಿ ಮಾಡುತ್ತಿತ್ತು.

ಹೊಸ ಪ್ಯಾನೆಲ್ ಅನ್ನು ರಟ್ಟಿನಿಂದ ಶುರು ಮಾಡಿದೆ. ನಿಜವಾದ ಅಳತೆಗೆ ರಟ್ಟು ಕತ್ತರಿಸಿ, ಪಾಟ್, ಜ್ಯಾಕ್, ನಾಬ್ ಎಲ್ಲ ಕೂರಿಸಿ, ಕೇಬಲ್ ಚುಚ್ಚಿ, ಎರಡು ದಿನ ಮೇಜಿನ ಮೇಲಿಟ್ಟು ನುಡಿಸುವ ಹಾಗೆ ಕೈ ಆಡಿಸಿದೆ. ಟ್ಯೂನಿಂಗ್ ನಾಬ್ ದೊಡ್ಡದಾಯಿತು, ಪಕ್ಕದ್ದು ದೂರ ಹೋಯಿತು, ಜ್ಯಾಕ್‌ಗಳೆಲ್ಲ ಕೆಳಗೆ ಬಂದವು. ಬೋರ್ಡ್ ಅನ್ನು ಆಮೇಲೆ ಆ ರಟ್ಟಿಗೆ ತಕ್ಕ ಹಾಗೆ ಮತ್ತೆ ಬರೆದೆ. ಈ ಕ್ರಮ ಇವತ್ತಿನವರೆಗೂ ಬದಲಾಗಿಲ್ಲ.

ತಗಡು 2 ಮಿ.ಮೀ. ಅಲ್ಯೂಮಿನಿಯಂ. ಕಾಗದದ ನಕ್ಷೆ ಅಂಟಿಸಿ, ಪ್ರತಿ ತೂತಿನ ನಡುವೆ ಸೆಂಟರ್ ಪಂಚ್‌ನಿಂದ ಗುಳಿ ಹೊಡೆಯುತ್ತೇನೆ. ಗುಳಿ ಇಲ್ಲದಿದ್ದರೆ ಡ್ರಿಲ್ ಬಿಟ್ ಜಾರುತ್ತದೆ. ಮೊದಲು 2 ಮಿ.ಮೀ. ಬಿಟ್, ಆಮೇಲೆ ಸ್ಟೆಪ್ ಡ್ರಿಲ್. 3.5 ಮಿ.ಮೀ. ಜ್ಯಾಕ್‌ಗೆ 6 ಮಿ.ಮೀ. ತೂತು, ಚಿಕ್ಕ ಪಾಟ್‌ಗೆ 7. ಒಂದು ಹನಿ ಸೀಮೆಎಣ್ಣೆ ಬಿಟ್ಟರೆ ಅಲ್ಯೂಮಿನಿಯಂ ಬಿಟ್‌ಗೆ ಮೆತ್ತಿಕೊಳ್ಳುವುದಿಲ್ಲ. ಕೆಳಗೆ ಮರದ ಹಲಗೆ, ಮೇಲೆ ಕ್ಲಾಂಪ್, ಕಣ್ಣಿಗೆ ಕನ್ನಡಕ. ತಗಡನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ, ಬಿಟ್ ಕಚ್ಚಿಕೊಂಡರೆ ತಗಡು ಕತ್ತಿಯ ಹಾಗೆ ತಿರುಗುತ್ತದೆ. ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ ತೆಗೆಯುವುದಕ್ಕೆ ಕೊರೆಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ನನಗೆ ಅದು ಇಷ್ಟದ ಕೆಲಸ. ಅಕ್ಷರಗಳಿಗೆ ನೀರಿನಲ್ಲಿ ಜಾರಿಸಿ ಅಂಟಿಸುವ ಡೆಕಾಲ್ ಹಾಳೆ, ಅದರ ಮೇಲೆ ಲ್ಯಾಕರ್ ಸ್ಪ್ರೇ. ಒಂದೇ ಸಲ ದಪ್ಪಗೆ ಹೊಡೆದರೆ ಡೆಕಾಲ್ ಸುಕ್ಕಾಗುತ್ತದೆ, ತೆಳ್ಳಗೆ ನಾಲ್ಕು ಸಲ ಹೊಡೆಯಬೇಕು.

ಹಿಂಬದಿಗೆ ಬಣ್ಣ ಹೊಡೆಯಲಿಲ್ಲ. ಎಲ್ಲ ಜ್ಯಾಕ್‌ಗಳ ಗ್ರೌಂಡ್ ಕಾಲುಗಳನ್ನು ದಪ್ಪ ತಂತಿಯಿಂದ ಸೇರಿಸಿ, ಒಂದೇ ಜಾಗದಲ್ಲಿ ಬೋರ್ಡ್‌ಗೆ ಬೆಸುಗೆ ಹಾಕಿದೆ. ಆಸಿಲೇಟರ್ ಬಿಸಿಯಾಗಲು ಇಪ್ಪತ್ತು ನಿಮಿಷ ಬಿಟ್ಟೆ, ಯಾಕೆಂದರೆ ಸ್ವರವನ್ನು ಲೆಕ್ಕ ಹಾಕುವ ಟ್ರಾನ್ಸಿಸ್ಟರ್ ಜೋಡಿಗೆ ಶಾಖ ಬದಲಾದರೆ ಶ್ರುತಿಯೂ ಬದಲಾಗುತ್ತದೆ. ಆಮೇಲೆ ಟ್ಯೂನರ್ ಮುಂದಿಟ್ಟು ಸೀಕ್ವೆನ್ಸರ್ ಆನ್ ಮಾಡಿದೆ. ಎಂಟೂ ಹಂತಕ್ಕೆ ಒಂದೇ ಸ್ವರ ಕೊಟ್ಟಿದ್ದೆ. ಎಲ್‌ಇಡಿಗಳು ಒಂದರ ನಂತರ ಒಂದು ಹತ್ತಿ ಆರಿದವು. ಟ್ಯೂನರ್‌ನ ಮುಳ್ಳು ನಿಂತಲ್ಲೇ ನಿಂತಿತ್ತು. ಒಂದು ಗಂಟೆ ಹಾಗೇ ಕೂತು ಆ ಒಂದೇ ಸ್ವರವನ್ನು ಕೇಳಿದೆ.

ಈಗ ಮೇಜಿನ ಮೇಲೆ ಫಿಲ್ಟರ್‌ನ ರಟ್ಟು ಇದೆ. ಕಟಾಫ್ ನಾಬ್ ಇನ್ನೂ ಒಂದು ಎಚ್‌ಪಿ ಎಡಕ್ಕೆ ಹೋಗಬೇಕು.